ಗಾಳಿ ಕತ್ತರಿ, ಉಣ್ಣೆ ಟೋಪಿ

ನೂಲಿನಂತೆ ಟೋಪಿ, ಮಾವನಂತೆ ಸೊಸೆ. ಗಾದೆ ಹೀಗಲ್ಲವಲ್ಲ, ಅದರೊಳಗೆ ಒಂದು ಸೀರೆಯೂ ಒಬ್ಬ ತಾಯಿಯೂ ಇದ್ದರಲ್ಲ ಎಂದು ತಲೆ ಕೆರೆದುಕೊಳ್ಳುವವರು ಕೆರೆದುಕೊಳ್ಳಲಿ. ಇದು ತಲೆಗೇ ಸಂಬಂಧಪಟ್ಟ ಕಥೆ. ನಡೆದದ್ದು ನಡೆದ ಹಾಗೆ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಸುಳ್ಳೆಂದು ಕಂಡರೆ ಈ ಕಥೆಯ ತಲೆ ಬೋಳಿಸಿ ಮನೆಗೆ ಕಳಿಸಬಹುದು. ಟೋಪಿಯ ವ್ಯವಸ್ಥೆ ಕಥೆಯೊಳಗೇ ಇದೆ.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಮೂರು ಕುರ್ಚಿಗಳ ಸಲೂನು. ಕಿಟಕಿಯ ಪಕ್ಕದ ಮೊದಲ ಕುರ್ಚಿ ಮಾವನದು, ಎರಡನೆಯದು ಅವರ ಮಗನದು. ಮೂರನೆಯದರ ಹಿಡಿಕೆ ಮುರಿದು ಬಹಳ ಕಾಲವಾಗಿತ್ತು. ಅದರ ಮೇಲೆ ಹಳೆಯ ಪತ್ರಿಕೆಗಳೂ, ಪತ್ರಿಕೆಗಳ ಮೇಲೆ ಒಂದು ಬೆಕ್ಕೂ ಮಲಗಿರುತ್ತಿದ್ದವು. ಸೊಸೆ ಅದೇ ಬೀದಿಯ ಕೊನೆಯಲ್ಲಿದ್ದ ಹಲ್ಲಿನ ಆಸ್ಪತ್ರೆಯ ಕೌಂಟರಿನಲ್ಲಿ ಕೂತು ರೋಗಿಗಳ ಸರದಿ ಕೂಗುವವಳು. ಮನೆಯಲ್ಲಿ ಅತ್ತೆ, ಮತ್ತು ಕಾಲೇಜಿಗೆ ಹೋಗುವ ಸೊಸೆಯ ಮಗಳು. ಯಾರ ದನಿಯನ್ನು ಒಮ್ಮೆ ಕೇಳಿದರೂ ಅದೇ ದನಿಯಲ್ಲಿ ಬಡ್ಡಿ ಸಮೇತ ಹಿಂತಿರುಗಿಸುತ್ತಿದ್ದ ಆ ಹುಡುಗಿಯನ್ನು ಎಲ್ಲರೂ ಗಿಳಿ ಎಂದೇ ಕರೆಯುತ್ತಿದ್ದರು.

ಆ ಚಳಿಗಾಲದ ಮೊದಲ ಜಗಳ ಬೇಳೆಯ ಪಾತ್ರೆಯ ಮುಂದೆ ಶುರುವಾಯಿತು.

"ಅಪ್ಪ, ನಾಳೆಯಿಂದ ನೀವು ಬಾಗಿಲ ಹತ್ರ ಕೂತ್ಕೊಳ್ಳಿ," ಅಂದ ಗಂಡ, ಅನ್ನ ಕಲಸುತ್ತಾ, ತಲೆ ಎತ್ತದೆ. "ಬಂದವರನ್ನ ಮಾತಾಡಿಸ್ತಾ ಇರಿ. ಕತ್ತರಿ ನಾನು ನೋಡ್ಕೋತೀನಿ."

"ಯಾಕೆ, ಕತ್ತರಿಗೆ ಜ್ವರ ಬಂದಿದೆಯಾ?"

"ಅಂಚೆಯಣ್ಣನ ತಲೆ ನೋಡಿದ್ರಾ? ಎಡಗಿವಿ ಮೇಲೆ ಮೆಟ್ಟಿಲು ಕಟ್ಟಿಟ್ಟಿದೀರಿ."

"ಅವನು ಸೀನಿದ."

"ಬೇಕರಿಯವರೂ ಸೀನಿದ್ರಾ?"

"ಬೇಕರಿಯವನ ತಲೆ ಮೊದಲಿಂದ್ಲೂ ಸೊಟ್ಟ. ಒಲೆಯಲ್ಲಿ ಒಂದೇ ಕಡೆ ಉಬ್ಬಿದ ಬ್ರೆಡ್ಡು. ನಾನೇನು ಮಾಡ್ಲಿ?"

ಗಿಳಿಗೆ ನಗು ಬಂತು. ಅವಳ ಅಪ್ಪ ನಗಲಿಲ್ಲ. "ನಿಮ್ಮ ಕೈ ನಡುಗ್ತಿದೆ ಅಪ್ಪ," ಅಂದ.

ಅತ್ತೆ ಚಮಚವನ್ನು ಬೇಳೆಯ ಪಾತ್ರೆಯಲ್ಲೇ ಬಿಟ್ಟರು.

"ಚಳಿ," ಅಂದರು ಮಾವ. "ಚಳಿಗೆ ನಡುಗದ ಕೈ ಅಂದ್ರೆ ಅದು ಹೆಣದ ಕೈ. ನಾನಿನ್ನೂ ಆ ಮಟ್ಟಕ್ಕೆ ಬಂದಿಲ್ಲ."

"ಕತ್ತರಿ ಜಾರಿದ್ರೆ ಕೂದಲು ಹೋಗತ್ತೆ, ಮತ್ತೆ ಬೆಳೆಯತ್ತೆ. ರೇಜರ್ ಜಾರಿದ್ರೆ? ಕುತ್ತಿಗೆ ಮತ್ತೆ ಬೆಳೆಯತ್ತಾ?"

ಮಾವ ನೀರಿನ ಲೋಟಕ್ಕೆ ಕೈ ಹಾಕಿದರು. ಲೋಟ ತುಟಿಗೆ ಹೋಗುವ ದಾರಿಯಲ್ಲೇ ಅರ್ಧ ಖಾಲಿಯಾಗಿ ಬೇಳೆಯ ಮೇಲೆ ಸುರಿಯಿತು. "ನಾನೇ ಅಂಚಿನ ತನಕ ತುಂಬಿಸ್ಬಿಟ್ಟಿದ್ದೆ," ಎಂದು ಅತ್ತೆ ತಕ್ಷಣ ಬಟ್ಟೆ ತಂದು ಒರೆಸಿದರು. ಅವರು ಅರ್ಧ ಲೋಟವೇ ಬಗ್ಗಿಸಿದ್ದನ್ನು ಸೊಸೆ ಕಣ್ಣಾರೆ ಕಂಡಿದ್ದಳು.

"ಆ ಕುರ್ಚಿ ನನ್ನದು," ಎಂದು ಮಾವ ಎದ್ದರು. "ಕಿತ್ಕೋಬೇಕು ಅಂತಿದ್ರೆ ನನ್ನನ್ನೂ ಸೇರಿಸಿ ಕಿತ್ಕೋ."

ಮರುದಿನ ರೇಜರಿನ ಡಬ್ಬಿ ಮಗನ ಡ್ರಾಯರಿನೊಳಗೆ ಹೋಯಿತು, ಡ್ರಾಯರಿಗೆ ಬೀಗ ಬಿತ್ತು. ಕತ್ತರಿ ಮಾತ್ರ ಮಾವನ ಕೈಯಲ್ಲೇ ಉಳಿಯಿತು. ಅಪ್ಪ ಮಗ ಅಕ್ಕಪಕ್ಕದ ಕುರ್ಚಿಗಳ ಹಿಂದೆ ನಿಂತು ಇಡೀ ದಿನ ಒಂದು ಮಾತೂ ಆಡುತ್ತಿರಲಿಲ್ಲ. ಆಡಬೇಕಾದ್ದನ್ನು ಕನ್ನಡಿಯಲ್ಲಿ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿ ಮುಗಿಸುತ್ತಿದ್ದರು.

ಅಂಚೆಯವನು ಆಸ್ಪತ್ರೆಯ ಕಾಗದ ಕೊಡಲು ಬಂದಾಗ ತಲೆಗೆ ಟವೆಲ್ ಸುತ್ತಿಕೊಂಡಿದ್ದ. "ಹಲ್ಲು ನೋವಾ ಅಣ್ಣ?" ಎಂದಳು ಸೊಸೆ. ಅವನು ಆಚೀಚೆ ನೋಡಿ ಟವೆಲ್ ಬಿಚ್ಚಿದ. ಎಡಗಿವಿಯ ಮೇಲೆ ನಿಜವಾಗಿಯೂ ಮೆಟ್ಟಿಲಿತ್ತು. ಹೇನು ಸುಸ್ತಾಗದೆ ಹತ್ತಿಹೋಗಬಹುದಿತ್ತು. ಅವಳು ತುಟಿ ಕಚ್ಚಿಕೊಂಡಳು.

"ನಿಮ್ಮ ಮಾವನಿಗೆ ಹೇಳ್ಬೇಡಿ," ಅಂದ. "ನನ್ನ ಮೊದಲ ಮೀಸೆ ತಿದ್ದಿದ ಕೈ ಅದು, ನಾನಂತೂ ಬೇರೆ ಕಡೆ ಹೋಗಲ್ಲ. ಆದ್ರೆ ಮನೆ ಮನೆ ಬಾಗಿಲಲ್ಲಿ ನಿಲ್ಲೋ ಕೆಲಸ ನೋಡಿ. ಮೊದಲು ನಾಯಿಗಳು ಬೊಗಳ್ತಿದ್ವು. ಈಗ ಅವೂ ನಗ್ತಿವೆ."

ಸೊಸೆಗೆ ನಗು ಬರಲಿಲ್ಲ. ಅವಳು ಈ ಮನೆಗೆ ಬಂದ ಹೊಸದರಲ್ಲಿ ವಿಷಮಜ್ವರ ಹಿಡಿದು, ಕೂದಲು ಹಿಡಿಹಿಡಿಯಾಗಿ ಉದುರಿ, ಉಳಿದದ್ದನ್ನೂ ತೆಗೆಸಬೇಕಾಗಿ ಬಂದಿತ್ತು. ಹಿತ್ತಲಿನಲ್ಲಿ ಸ್ಟೂಲಿನ ಮೇಲೆ ಕೂರಿಸಿ ತಲೆ ಬೋಳಿಸಿದ್ದು ಮಾವನೇ. ಬಲಗೈಯಲ್ಲಿ ರೇಜರ್ ಆಡಿಸುತ್ತಾ ಎಡಗೈಯಲ್ಲಿ ಖಾಲಿ ಕತ್ತರಿಯನ್ನು ಅವಳ ಕಿವಿಯ ಪಕ್ಕ ಕಚಕ್ ಕಚಕ್ ಅನ್ನಿಸುತ್ತಲೇ ಇದ್ದರು. "ಇದಕ್ಕೆ ಗಾಳಿ ಕತ್ತರಿ ಅಂತಾರಮ್ಮ. ಕೆಲಸದ ನಡುವೆ ಕೈ ತಾಳ ತಪ್ಪಬಾರದು ಅಂತ ಬರೀ ಗಾಳಿ ಕತ್ತರಿಸೋದು. ಕಣ್ಮುಚ್ಕೋ. ಸ್ವಲ್ಪ ತುದಿ ಟ್ರಿಮ್ ಮಾಡಿಸ್ಕೊಳ್ತಿದೀನಿ ಅಂದ್ಕೋ, ಸಾಕು." ಅವಳು ಕಣ್ಣು ಮುಚ್ಚಿಕೊಂಡಿದ್ದಳು. ತೆರೆದಾಗ ತಲೆಯ ಮೇಲೆ ಅತ್ತೆ ಹೆಣೆದ ಒಂದು ಉಣ್ಣೆಯ ಟೋಪಿ ಇತ್ತು. ಊರು ಅವಳ ಬೋಳುತಲೆಯನ್ನು ಒಂದು ದಿನವೂ ನೋಡಲಿಲ್ಲ.

ಆ ಕೈಯ ತಪ್ಪನ್ನು ಊರು ಯಾಕೆ ನೋಡಬೇಕು?

"ಅತ್ತೆ, ನಿಮ್ಮ ಕ್ರೋಶಾ ಕಡ್ಡಿ ಎಲ್ಲಿದೆ?" ಎಂದಳು ಸಂಜೆ ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ.

"ಯಾಕೆ, ಚರಂಡಿ ಕಟ್ಟಿದೆಯಾ?"

"ಟೋಪಿ ಹೆಣೆಯೋದು ಕಲೀಬೇಕು."

ವಿಷಯ ಕೇಳಿದ ಮೇಲೆ ಅತ್ತೆ ಆಲೂಗಡ್ಡೆ ಸುಲಿಯುವುದನ್ನು ನಿಲ್ಲಿಸಿದರು. ಸಿಪ್ಪೆ ಚಾಕುವಿನಿಂದ ಜೋತು ಬಿದ್ದಿತ್ತು. "ಗೊತ್ತಾದ್ರೆ ಅವರು ಉಳಿಯಲ್ಲ," ಅಂದರು.

"ಗೊತ್ತಾಗದ ಹಾಗೆ ಮಾಡೋಣ."

"ಕ್ರೋಶಾ ಅಂದ್ರೆ ಏನಂದ್ಕೊಂಡೆ? ಒಂದು ತುದಿ ಹಿಡಿದು ಎಳೆದ್ರೆ ಸಾಕು, ಪೂರಾ ಟೋಪಿ ಬಿಚ್ಕೊಳ್ಳತ್ತೆ. ಗುಟ್ಟಿನ ಕಥೆಯೂ ಅಷ್ಟೇ." ಹೀಗೆ ಅಂದವರು ಆಲೂಗಡ್ಡೆಯನ್ನು ಅಲ್ಲೇ ಬಿಟ್ಟು ಅಟ್ಟದ ಡಬ್ಬಿ ಇಳಿಸಿದರು.

ಅತ್ತೆ ಎಡಚಿ. ಪಕ್ಕದಲ್ಲಿ ಕೂತು ಕಲಿಸಲು ಹೋದರೆ ಅವರ ಎಡ ಮೊಣಕೈ, ಇವಳ ಬಲ ಮೊಣಕೈ ಟಗರುಗಳ ಹಾಗೆ ಡಿಕ್ಕಿ ಹೊಡೆಯುತ್ತಿದ್ದವು. "ನಿನ್ನ ಜೊತೆ ಒಂದೇ ಕಡೆ ಕೂತು ನಾನು ಯಾವತ್ತು ತಾನೆ ಬಾಳಿದೀನಿ? ಎದುರಿಗೆ ಕೂತ್ಕೋ," ಎಂದರು. ಎದುರಿಗೆ ಕೂತದ್ದೇ ಕೆಲಸ ಸರಾಗವಾಯಿತು. ಅತ್ತೆಯ ಎಡಗೈ ಇವಳ ಬಲಗೈಗೆ ಕನ್ನಡಿ. ಅವರು ಕೊಕ್ಕೆ ತೂರಿಸಿದರೆ ಇವಳು ತೂರಿಸುವಳು, ಅವರು ಎಳೆ ಎಳೆದರೆ ಇವಳು ಎಳೆಯುವಳು. ಎದುರುಬದುರು ನಿಂತರೆ ಜಗಳವೇ ಆಗುತ್ತಿದ್ದ ಮನೆಯಲ್ಲಿ ಮೊದಲ ಬಾರಿಗೆ ಎದುರುಬದುರು ಕೂತು ಏನೋ ಒಂದು ಬೆಳೆಯತೊಡಗಿತು.

ಬೆಳೆದದ್ದು ಮಾತ್ರ ಟೋಪಿಯಲ್ಲ. ಸುತ್ತು ಸುತ್ತಿಗೂ ಸಿಕ್ಕಾಪಟ್ಟೆ ಹೊಲಿಗೆ ಏರಿಸಿದ್ದರಿಂದ ಅಂಚೆಲ್ಲ ನಿರಿಗೆಗಟ್ಟಿ ಒಂದು ಭಾರೀ ಹೂಕೋಸು ತಯಾರಾಗಿತ್ತು.

"ಇದನ್ನ ತಲೆಗೆ ಹಾಕೋದಾ, ಒಲೆಗೆ ಹಾಕೋದಾ?" ಅಂದರು ಅತ್ತೆ. "ಅಂಗೈ ಅಗಲ ಆದ್ಮೇಲೆ ಏರಿಸೋದು ನಿಲ್ಸು ಅಂದ್ನೋ ಇಲ್ವೋ? ಹೆಣೆಯೋಕೆ ಹೋಗಿ ಹೆಣಗಾಡ್ತಿದೀಯ."

"ನೀವು ಹೇಳ್ಕೊಡೋ ರೀತಿಗೆ ಹೆಣಗಾಟವೇ ಬರೋದು."

"ಅಮ್ಮನದು ಕ್ರೋಶಾ, ಅಜ್ಜಿಯದು ಆಕ್ರೋಶ," ಎಂದಳು ಗಿಳಿ ಬಾಗಿಲಿನಿಂದ.

ಎರಡನೆಯದು ಹೊಲಿಗೆ ಕಮ್ಮಿಯಾಗಿ ಎಣ್ಣೆ ಸುರಿಯುವ ಆಲಿಕೆಯಾಯಿತು. ಬಿಚ್ಚಿದಳು. ಮೂರನೆಯದು ತಲೆಯ ಆಕಾರಕ್ಕೆ ಬಂತು, ಆದರೆ ಯಾರ ತಲೆಯ ಅಳತೆ? ಹಗಲು ಮನೆಯಲ್ಲಿ ಸಿಗುತ್ತಿದ್ದ ಗಂಡುತಲೆ ಒಂದೇ, ಮಧ್ಯಾಹ್ನ ಉಂಡು ಆರಾಮಕುರ್ಚಿಯಲ್ಲಿ ಬಾಯಿ ತೆರೆದು ನಿದ್ದೆ ಹೋಗುವ ಮಾವನದು. ಇಬ್ಬರೂ ಕೊಲೆಗಾರರ ಹಾಗೆ ತುದಿಗಾಲಲ್ಲಿ ಹೋಗಿ ತಲೆಗೆ ನೂಲು ಸುತ್ತಿದರು.

"ಯಾರದು?" ಎಂದರು ಮಾವ ಕಣ್ಣು ಬಿಡದೆ.

"ಸೊಳ್ಳೆ," ಎಂದರು ಅತ್ತೆ.

ಮಾವ ಕೆನ್ನೆಗೆ ತಾವೇ ಒಂದು ಬಾರಿಸಿಕೊಂಡು ಮತ್ತೆ ಗೊರಕೆಗೆ ಮರಳಿದರು.

ಆ ಮೂರನೆಯ ಟೋಪಿಯ ಕೊನೆಯ ಸುತ್ತಿನಲ್ಲಿ ಅತ್ತೆಯ ಒಂದು ಕೂದಲು ನೂಲಿನ ಜೊತೆಗೇ ಹೆಣೆದುಹೋಗಿತ್ತು. ಸೊಸೆ ಕೀಳಲು ಹೋದಳು. "ಇರ್ಲಿ ಬಿಡು, ಉಣ್ಣೆಯೂ ಕೂದಲೇ ತಾನೆ, ಕುರಿಯದು. ಇಲ್ಲಿ ಯಾರು ಕುರಿ ಅಂತ ಯಾರು ಪತ್ತೆ ಹಚ್ತಾರೆ?" ಅಂದರು ಅತ್ತೆ. ಅವಳು ಎಳೆದಾಗ ಹರಿದ ಜಾಗ ಮುಚ್ಚಲು ಕಿವಿಯ ಪಕ್ಕ ಒಂದು ಪುಟ್ಟ ಉಣ್ಣೆಯ ಹೂವನ್ನೂ ಅಂಟಿಸಿದರು.

ಅಂಚೆಯವನು ಹಾಕಿಕೊಂಡು ಕೌಂಟರಿನ ಗಾಜಿನಲ್ಲಿ ನೋಡಿಕೊಂಡ. "ಟೋಪಿಯೂ ಹಾಕಿದ್ರಿ, ಕಿವಿಗೆ ಹೂವೂ ಇಟ್ರಿ," ಎಂದ. "ಇನ್ನು ನನಗೆ ಮೋಸ ಆಗೋದು ಏನೂ ಬಾಕಿ ಇಲ್ಲ." ಖುಷಿಯಿಂದ ಸೈಕಲ್ ಏರಿ ಹೋದ.

ಆಮೇಲೆ ಬೇಕರಿಯವನು ಬಂದ. ಅವನ ಹಿಂದೆ ಎಲೆಕ್ಟ್ರಿಷಿಯನ್. ಸೊಸೆ ಆಸ್ಪತ್ರೆಯಲ್ಲಿ ಒಬ್ಬ ರೋಗಿಗೂ ಇನ್ನೊಬ್ಬ ರೋಗಿಗೂ ನಡುವೆ ಮೇಜಿನ ಕೆಳಗೆ ಹೆಣೆದಳು; ಮನೆಯಲ್ಲಿ ಅನ್ನ ಬೇಯುವಷ್ಟರಲ್ಲಿ ಹೆಣೆದಳು. ಬೆರಳಲ್ಲಿ ಕೊಕ್ಕೆಯ ಗುಳಿ ಬಿತ್ತು. ಅನ್ನ ಎರಡು ಸಲ ತಳ ಹಿಡಿಯಿತು.

"ಊರಿಗೇನಾಗಿದೆ?" ಎಂದರು ಮಾವ ಒಂದು ಸಂಜೆ, ತಳ ಹಿಡಿದ ಅನ್ನವನ್ನು ಕೆರೆಯುತ್ತಾ. "ಕಟಿಂಗ್ ಮಾಡಿಸ್ಕೊಳ್ಳೋದು, ಮರುದಿನ ಟೋಪಿಯಲ್ಲಿ ಮುಚ್ಕೊಳ್ಳೋದು. ಎಲ್ರೂ ತಲೆಮರೆಸಿಕೊಂಡ ಕಳ್ಳರ ಥರ ಓಡಾಡ್ತಿದಾರೆ."

"ಚಳಿ ಅಲ್ವಾ ಮಾವ," ಎಂದಳು ಸೊಸೆ.

"ಹಾಂ. ಚಳಿ," ಎಂದು ಮಾವ ಅವಳನ್ನು ಒಂದು ಗಳಿಗೆ ನೋಡಿ ಮತ್ತೆ ಪಾತ್ರೆ ಕೆರೆದರು.

ಗುಟ್ಟು ಗಂಡನಿಗೂ ತಿಳಿದಿದೆಯೆಂದು ಅವಳಿಗೆ ಗೊತ್ತಾದದ್ದು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ. ಸಲೂನಿನ ಟವೆಲ್ಲುಗಳ ರಾಶಿಯನ್ನು ದೊಪ್ಪೆಂದು ಹಾಕಿ ಅವನು ದನಿ ತಗ್ಗಿಸಿ ಸಿಡಿದ.

"ಏನು ಮಾಡ್ತಿದೀಯ ಅಂತ ಗೊತ್ತಾ ನಿಂಗೆ? ಇವತ್ತು ಅಪ್ಪನ ಕುರ್ಚಿಗೆ ನಾಲ್ಕು ಜನ ಕಾಯ್ತಿದ್ರು. ನನ್ನ ಕುರ್ಚಿ ಖಾಲಿ. ಯಾಕೆ ಹೇಳು? ಅಪ್ಪ ತಲೆ ಕೆಡಿಸಿದ್ರೆ ಸೊಸೆ ಬಿಟ್ಟಿ ಟೋಪಿ ಕೊಡ್ತಾಳಂತೆ!"

"ನಾನು ಅವರ ಮರ್ಯಾದೆ ಉಳಿಸೋಕೆ..."

"ಮರ್ಯಾದೆ ಅಲ್ಲ, ಕುರ್ಚಿ ಉಳಿಸ್ತಿದೀಯ. ಊರಲ್ಲಿ ಏನಂತಾರೆ ಕೇಳು, ‘ಮಾವ ತಲೆ ಬೋಳಿಸ್ತಾನೆ, ಸೊಸೆ ಟೋಪಿ ಹಾಕ್ತಾಳೆ, ಆ ಮನೆ ಹತ್ರ ಹುಷಾರು’ ಅಂತ. ತಪ್ಪು ಅಂತ ಒಬ್ರಾದ್ರೂ ಮುಖದ ಮೇಲೆ ಹೇಳಿದ್ರೆ ತಾನೆ ಅವರು ಬಿಡೋದು?"

"ನೀವು ಹೇಳಿದ್ರಲ್ಲ ಮುಖದ ಮೇಲೆ. ಬಿಟ್ರಾ? ಊಟ ಬಿಟ್ರು, ಅಷ್ಟೇ."

"ನಾಳೆ ಯಾರದಾದ್ರೂ ಕಿವಿ ಕುಯ್ದ್ರೆ? ಕಿವಿಯನ್ನೂ ಹೆಣೆದು ಕೊಡ್ತೀಯಾ?"

ಅವಳು ಟವೆಲ್ಲುಗಳನ್ನು ಅವನ ತಲೆ ಎಂದುಕೊಂಡು ಒಗೆದಳು. ಟೋಪಿ ನಿಲ್ಲಿಸಿದರೆ ಮಾವನ ಮಾನ ಹೋಗುತ್ತದೆ, ನಿಲ್ಲಿಸದಿದ್ದರೆ ಯಾರದೋ ಕಿವಿ ಹೋಗುತ್ತದೆ. ಅಡಕತ್ತರಿಯಲ್ಲಿ ಸಿಕ್ಕಿಕೊಂಡವಳಿಗೆ ಆ ರಾತ್ರಿ ಊಟ ಸೇರಲಿಲ್ಲ.

ವಿಚಿತ್ರವೆಂದರೆ, ಅದಾದ ಕೆಲವೇ ದಿನಗಳಲ್ಲಿ ಗಂಡ ಜಗಳ ಆಡುವುದನ್ನೇ ನಿಲ್ಲಿಸಿಬಿಟ್ಟ. ಸಲೂನಿನ ಸುದ್ದಿ ಎತ್ತಿದರೆ ಬಾಯಿ ತುಂಬ ಅನ್ನ ತುಂಬಿಕೊಂಡು ಗೋಡೆ ನೋಡುತ್ತಿದ್ದ. "ಏನಾದ್ರೂ ಹೇಳಿ," ಎಂದು ಅವಳು ರೇಗಿದರೆ "ಉಮ್" ಎನ್ನುತ್ತಿದ್ದ. ಈ ಮೌನ ಆ ಸಿಡುಕಿಗಿಂತ ಭಾರವಾಗಿತ್ತು. ಇವನು ತನ್ನ ಮೇಲೆ ಆಸೆಯನ್ನೇ ಬಿಟ್ಟನೆಂದು ಅವಳು ಲೆಕ್ಕ ಹಾಕಿದಳು.

ಅತ್ತ ಟೋಪಿ ಕೇಳುವವರು ಹೆಚ್ಚಾದರು. ಆಸ್ಪತ್ರೆಯ ಕಿಟಕಿಯ ಮುಂದೆ ಟವೆಲ್ ಸುತ್ತಿದ ತಲೆಗಳು ಒಂದರ ಹಿಂದೊಂದು ಬಂದು ನಿಲ್ಲುತ್ತಿದ್ದವು. "ನೋಡ್ಬೇಡಿ ಅಮ್ಮಾ... ನೋಡಿದ್ರೆ... ನಿಮಗೇ ಅಳು ಬರತ್ತೆ." ಟೈರ್ ಅಂಗಡಿಯವನೂ ಹಾಗೇ ಅಂದ, ಬ್ಯಾಂಕಿನ ಗುಮಾಸ್ತನೂ ಹಾಗೇ ಅಂದ, ಎಲ್ಲರೂ ‘ನೋಡಿದ್ರೆ’ ಆದಮೇಲೆ ಅದೇ ಜಾಗದಲ್ಲಿ ಉಸಿರು ನುಂಗಿದರು. ಪಾಪ, ದುಃಖ ಎಲ್ಲರಿಗೂ ಒಂದೇ, ಅಂದುಕೊಂಡಳು. ನೋಡುವ ಧೈರ್ಯ ಅವಳಿಗಿರಲಿಲ್ಲ. ಮುಖ ತಿರುಗಿಸಿ ಟೋಪಿ ಚಾಚುತ್ತಿದ್ದಳು.

ಕೆಲಸ ಮುಗಿಸಿ ಬರುವಾಗ ಸಲೂನಿನ ಗಾಜಿನ ಬಾಗಿಲ ಮುಂದೆ ಅವಳ ಹೆಜ್ಜೆ ತಾನಾಗಿ ಬಿರುಸಾಗುತ್ತಿತ್ತು. ಒಳಗೆ ಮಾವನ ಕತ್ತರಿ ಮಿಂಚುತ್ತಿತ್ತು, ಕಚಕಚ ಸದ್ದು ಬೀದಿಗೂ ಕೇಳುತ್ತಿತ್ತು. ಒಂದೊಂದು ಕಚಕ್ಕಿಗೂ ಅವಳ ಕಣ್ಣ ಮುಂದೆ ಇನ್ನೊಂದು ಟೋಪಿ ಏಳುತ್ತಿತ್ತು.

ಉಣ್ಣೆ ಖಾಲಿಯಾದಾಗ, ಇನ್ನು ಇಲ್ಲಿಗೆ ನಿಲ್ಲಿಸೋಣ ಅಂದುಕೊಂಡಳು. ಅವತ್ತೇ ಮಾವ ತಮ್ಮ ಹಳೆಯ ಕುಂಕುಮ ಬಣ್ಣದ ಸ್ವೆಟರನ್ನು ತೆಗೆದು ಅತ್ತೆಯ ಮಡಿಲಿಗೆ ಎಸೆದರು. "ಹೊಟ್ಟೆ ಹತ್ರ ಬಿಗೀತಾ ಇದೆ. ಬಿಚ್ಚಿ ಏನಾದ್ರೂ ಮಾಡ್ಕೊಳ್ಳಿ."

ಅತ್ತೆ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಹೋದರು. ಅವರ ಬೆನ್ನು ಅಲುಗುತ್ತಿತ್ತು. ಅಳುತ್ತಿದ್ದಾರೆ, ಅಂದುಕೊಂಡಳು ಸೊಸೆ. ಗಂಡನ ಮೈಮೇಲಿನ ಸ್ವೆಟರನ್ನು ಗಂಡನ ತಪ್ಪಿಗೇ ಮುಚ್ಚಳ ಮಾಡುವುದೆಂದರೆ ಯಾವ ಹೆಂಡತಿಗೆ ತಾನೆ ಅಳು ಬರುವುದಿಲ್ಲ?

ವಾರ ಕಳೆಯುವುದರಲ್ಲಿ ಊರಿನ ಅರ್ಧ ತಲೆಗಳು ಕುಂಕುಮ ಬಣ್ಣಕ್ಕೆ ತಿರುಗಿದವು. "ಈ ಬಣ್ಣ ಎಲ್ಲೋ ನೋಡಿದ ಹಾಗಿದೆಯಲ್ಲಾ," ಎಂದರು ಮಾವ ಬ್ರೆಡ್ಡನ್ನು ಟೀಯಲ್ಲಿ ಅದ್ದುತ್ತಾ. ಸೊಸೆಯ ಕೈಯಿಂದ ಚಮಚ ಜಾರಿತು. "ಎಲ್ಲಿ ಅಂತ ನೆನಪಾಗ್ತಿಲ್ಲ. ವಯಸ್ಸಾಯ್ತು ನೋಡು," ಎಂದು ಅವರು ಮೆತ್ತಗಾದ ಬ್ರೆಡ್ಡನ್ನು ಬಾಯಿಗೆ ಹಾಕಿಕೊಂಡರು.

ಆ ಭಾನುವಾರ ಊಟಕ್ಕೆ ಕೂತಾಗ ಮಾವ ಬಾಂಬು ಹಾಕಿದರು.

"ನೋಡಿದ್ರಾ ನನ್ನ ಕುರ್ಚಿಯ ಕ್ಯೂ? ಕೈ ನಡುಗತ್ತಂತೆ ಕೈ! ಈ ಶುಕ್ರವಾರ ಹೆಡ್‌ಮೇಷ್ಟ್ರು ರಿಟೈರ್ ಆಗ್ತಾರೆ. ಸಮಾರಂಭಕ್ಕೆ ಹೋಗೋ ಮುಂಚೆ ಗಡ್ಡ ನನ್ನ ಕೈಲೇ ಮಾಡಿಸ್ಕೋಬೇಕಂತೆ. ರೇಜರ್‌ನಲ್ಲಿ."

ಸೊಸೆ ಗಂಡನ ಕಡೆ ತಿರುಗಿದಳು. ಬೀಗದ ಕೈ ಇದ್ದದ್ದು ಅವನ ಹತ್ತಿರ. ಅವನು ನುಂಗಿ ನೀರು ಕುಡಿದು, "ಅವರಿಷ್ಟ," ಅಂದ. "ಡ್ರಾಯರ್ ಬೀಗ ತೆಗ್ದಿದೀನಿ."

"ಏನಂದ್ರಿ?"

"ಬೀಗ ತೆಗ್ದಿದೀನಿ."

"ಕುತ್ತಿಗೆ ಮತ್ತೆ ಬೆಳೆಯತ್ತಾ ಅಂತ ಕೇಳಿದ್ದು ಯಾರು?"

"ಏನು, ಏನು? ಯಾರ ಕುತ್ತಿಗೆ?" ಎಂದರು ಮಾವ ಕಿವಿಗೆ ಕೈ ಇಟ್ಟು. ಅವಳು ಬಾಯಿ ಮುಚ್ಚಿದಳು. ಇಷ್ಟು ವಾರ ಯಾವ ಮಾತು ಅವರ ಕಿವಿಗೆ ಬೀಳಬಾರದೆಂದು ಬೆರಳು ಸವೆಸಿದ್ದಳೋ, ಅದನ್ನು ತಾನೇ ಹೇಗೆ ಆಡುವುದು? ಅಡುಗೆಮನೆಯಲ್ಲಿ ಅತ್ತೆಯನ್ನು ಹಿಡಿದುಕೊಂಡಳು. "ನೀವಾದ್ರೂ ಹೇಳಿ." "ನಾನು ಹೇಳಿದ್ದನ್ನ ಅವರು ಯಾವ ಕಾಲಕ್ಕೆ ಕೇಳಿದಾರೆ?" ಎಂದು ಅತ್ತೆ ಪಾತ್ರೆ ತೊಳೆಯುವ ಸದ್ದು ಹೆಚ್ಚಿಸಿದರು. "ನೀನು ಹೆಡ್‌ಮೇಷ್ಟ್ರಿಗೆ ಒಂದು ಟೋಪಿ ಹೆಣೆ. ದೊಡ್ಡದು."

"ಕುತ್ತಿಗೆಗೆ ಟೋಪಿ ಹಾಕೋಕಾಗತ್ತಾ ಅತ್ತೆ!" ಎಂದು ಅವಳು ಕಿರುಚಿದಳು.

ಶುಕ್ರವಾರ ಬೆಳಗ್ಗೆ ಅವಳು ರೋಗಿಗಳ ಸರದಿಯನ್ನು ತಪ್ಪು ತಪ್ಪಾಗಿ ಕೂಗುತ್ತಿದ್ದಳು. ಹುಳುಕು ಹಲ್ಲಿನವರು ಕೀಳಿಸಲು, ಕೀಳಿಸಬೇಕಾದವರು ತೊಳೆಸಲು ಹೋಗಿ ವಾಪಸು ಬಂದರು. ಗಿಳಿ ಏದುಸಿರು ಬಿಡುತ್ತಾ ನುಗ್ಗಿದಳು.

"ಅಮ್ಮಾ, ತಾತ ರೇಜರ್ ಮಸೀತಿದಾರೆ. ಹೆಡ್‌ಮೇಷ್ಟ್ರು ನೊರೆ ಹಚ್ಚಿಸ್ಕೊಂಡು ಕುತ್ತಿಗೆ ಎತ್ತಿ ಕೂತಿದಾರೆ."

"ಅಪ್ಪ ಎಲ್ಲಿ?"

"ಪಕ್ಕದಲ್ಲಿ ನಿಂತು ನೋಡ್ತಿದಾರೆ."

ಕುರ್ಚಿಯಲ್ಲಿ ಬಾಯಿ ತೆರೆದು ಒರಗಿದ್ದ ರೋಗಿಯನ್ನೂ, ಅವನ ಬಾಯೊಳಗೆ ಕನ್ನಡಿ ಹಿಡಿದಿದ್ದ ಡಾಕ್ಟರನ್ನೂ ಹಾಗೇ ಬಿಟ್ಟು ಅವಳು ಬೀದಿಗಿಳಿದು ಓಡಿದಳು. ಒಂದು ಚಪ್ಪಲಿ ಬೇಕರಿಯ ಮುಂದೆ ಉಳಿಯಿತು. ಬೇಕರಿಯೂ ಮುಚ್ಚಿತ್ತು.

ಗಾಜಿನ ಬಾಗಿಲು ಮಂಜು ಹಿಡಿದಿತ್ತು. ತಳ್ಳಿದಳು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಬೆಂಚಿನ ಮೇಲೆ, ಗೋಡೆಗೆ ಒರಗಿ, ಎಲ್ಲೆಲ್ಲೂ ಟೋಪಿಗಳು. ಮೊದಲ ಕುರ್ಚಿಯಲ್ಲಿ ಹೆಡ್‌ಮೇಷ್ಟ್ರು ತಲೆ ಹಿಂದಕ್ಕೆ ಚೆಲ್ಲಿ ಕಣ್ಣು ಮುಚ್ಚಿದ್ದರು. ನೊರೆಯ ನಡುವೆ ಗಂಟಲಗುಳ್ಳೆ ಮೇಲೆ ಕೆಳಗೆ ಆಡುತ್ತಿತ್ತು. ಮಾವ ತೆರೆದ ರೇಜರನ್ನು ಅದರ ಹತ್ತಿರ ತರುತ್ತಿದ್ದರು.

"ಮಾವಾ, ಬೇಡ! ನಿಮ್ಮ ಕೈ ನಡುಗತ್ತೆ!"

ಟೋಪಿಗಳೆಲ್ಲ ಅವಳ ಕಡೆ ತಿರುಗಿದವು. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅಷ್ಟು ಟೋಪಿ ಹೆಣೆದು ಮುಚ್ಚಿದ್ದನ್ನು ಒಂದೇ ಉಸಿರಿಗೆ, ಅಷ್ಟೂ ಟೋಪಿಗಳ ಎದುರಿಗೇ ಬಿಚ್ಚಿಹಾಕಿದ್ದಳು. ಅತ್ತೆ ಹೇಳಿದ ಹಾಗೆ, ಒಂದು ತುದಿ ಎಳೆದರೆ ಸಾಕಾಗಿತ್ತು.

ಮಾವ ನಿಧಾನವಾಗಿ ತಿರುಗಿದರು. ಮುಖ ಕಲ್ಲಾಗಿತ್ತು.

"ಇನ್ನೊಂದ್ಸಲ ಹೇಳು. ಹಿಂದೆ ಕೂತವರಿಗೆ ಕೇಳಿಸ್ಲಿಲ್ಲ."

"ಮಾವ..."

"ಇಷ್ಟು ದಿನ ಉಣ್ಣೆಯಲ್ಲಿ ಹೇಳಿದ್ಯಲ್ಲ. ಈಗ ಬಾಯಲ್ಲಿ ಹೇಳು."

"ನಡುಗತ್ತೆ ಮಾವ," ಅಂದಳು ನೆಲ ನೋಡುತ್ತಾ.

"ಹೌದು, ನಡುಗತ್ತೆ," ಎಂದು ಮಾವ ತೋಳನ್ನು ಎಲ್ಲರ ಮುಂದೆ ಉದ್ದಕ್ಕೆ ಚಾಚಿದರು. ರೇಜರಿನ ಬೆಳಕಿನ ಚೂರು ಸೂರಿನ ಮೇಲೆ ನೀರಿನಿಂದ ತೆಗೆದ ಮೀನಿನ ಹಾಗೆ ಒದ್ದಾಡಿತು. ಅವರು ರೇಜರನ್ನು ಮಡಿಸಿ ಮಗನ ಅಂಗೈಯಲ್ಲಿಟ್ಟರು. "ತಗೋ. ಮೊದಲ ಕುರ್ಚಿ ಇವತ್ತಿಂದ ನಿಂದು. ನಾನಾಗೇ ಕೊಟ್ಟಿದ್ದು. ಕಿತ್ಕೊಂಡೆ ಅಂತ ಎಲ್ಲಾದ್ರೂ ಜಂಬ ಕೊಚ್ಚಿದ್ರೆ ನಾಲಿಗೆ ಕತ್ತರಿಸ್ತೀನಿ, ನಡುಗೋ ಕೈಯಲ್ಲೇ." ಆಮೇಲೆ ಬೆಂಚಿನ ಕಡೆ ತಿರುಗಿ, "ಏನ್ರಪ್ಪಾ, ಟೋಪಿ ತೆಗೀರಿ," ಅಂದರು.

ಟೋಪಿಗಳು ಎದ್ದವು. ಅಂಚೆಯವನು, ಬೇಕರಿಯವನು, ಟೈರ್ ಅಂಗಡಿಯವನು, ಗುಮಾಸ್ತ... ಎಲ್ಲ ತಲೆಗಳೂ ಅಚ್ಚುಕಟ್ಟು. ಎಡಗಿವಿ ಬಲಗಿವಿ ತಕ್ಕಡಿ ಹಿಡಿದ ಹಾಗೆ ಸಮ. ಒಂದೇ ಒಂದು ಮೆಟ್ಟಿಲಿಲ್ಲ.

"ಇದು... ಇದೆಲ್ಲ ಯಾವಾಗ..."

"ಬೇಕರಿಯವನು ತನ್ನದನ್ನ ಅಂಚೆಯವನ ಟೋಪಿ ಜೊತೆ ಅದಲುಬದಲು ಮಾಡ್ಕೊಂಡು, ಆ ಹೂವಿನ ಟೋಪಿಯನ್ನ ಇಲ್ಲಿ ಮರೆತು ಹೋಗಿದ್ದ," ಎಂದರು ಮಾವ. "ಅದರಲ್ಲೊಂದು ಕೂದಲು. ಬುಡದಲ್ಲಿ ಬಿಳಿ, ತುದಿಯಲ್ಲಿ ಕಪ್ಪು, ನಡುವೆ ಒಂದು ಸುರುಳಿ. ನಾನು ಮರೆಯೋದಾದ್ರೆ ನನ್ನ ಹೆಸರು ಮರೀಬಹುದು, ಕೂದಲು ಮರೆಯಲ್ಲ. ಆ ಕೂದಲು ಈ ಊರಲ್ಲಿ ಒಂದೇ ತಲೆಯಲ್ಲಿರೋದು. ಆ ತಲೆ ನನ್ನ ಮನೆಯಲ್ಲಿ ಬೇಳೆ ಬೇಯಿಸತ್ತೆ. ಕೇಳಿದ್ದಕ್ಕೆ ಪೂರಾ ಕಥೆ ಬಾಯ್ಬಿಡ್ತು."

ಆಗ ಸೊಸೆಗೆ ಕಂಡಿತು: ಮುರಿದ ಮೂರನೆಯ ಕುರ್ಚಿಯಲ್ಲಿ ಬೆಕ್ಕನ್ನು ಮಡಿಲಲ್ಲಿಟ್ಟುಕೊಂಡು ಅತ್ತೆ ಕೂತಿದ್ದರು. ಟವೆಲ್ಲಿನಿಂದ ಬಾಯಿ ಮುಚ್ಚಿದ್ದರು. ಬೆನ್ನು ಅಲುಗುತ್ತಿತ್ತು. ಅಳುವಿನಿಂದಲ್ಲ.

"ಅವತ್ತೇ ಕತ್ತರಿ ಕೆಳಗಿಟ್ಟೆ," ಎಂದರು ಮಾವ. "ಮೊದಲು ಹಿಂದಿನ ಕೋಣೆಯಲ್ಲಿ ಇವನು ಕಟಿಂಗ್ ಮಾಡೋದು. ಆಮೇಲೆ ಇಲ್ಲಿ ಕಿಟಕಿ ಪಕ್ಕ ನನ್ನ ಕುರ್ಚಿಯಲ್ಲಿ ಬರೀ ಗಾಳಿ ಕತ್ತರಿ. ಕೆಲಸ ಅವನದು, ಸದ್ದು ನನ್ನದು. ಇವತ್ತು ರೇಜರ್ ಎತ್ತಿದ್ದೂ ನಿನ್ನ ಬಾಯಿ ಬಿಡಿಸೋಕೇ."

"ಮತ್ತೆ ಆ ಟವೆಲ್ಲು? ‘ನೋಡ್ಬೇಡಿ ಅಮ್ಮಾ’ ಅಂತ..."

"‘ನೋಡಿದ್ರೆ... ನಿಮಗೇ ಅಳು ಬರತ್ತೆ,’" ಎಂದಳು ಅವಳ ಹಿಂದೆ ನಿಂತ ಗಿಳಿ, ಅದೇ ಜಾಗದಲ್ಲಿ ಉಸಿರು ನುಂಗಿ. "ಒಬ್ಬೊಬ್ಬರಿಗೂ ಕಲಿಸೋಷ್ಟರಲ್ಲಿ ಸಾಕಾಯ್ತಮ್ಮ. ಟೈರ್ ಅಂಕಲ್‌ಗಂತೂ ಅಳು ಬರೋದೇ ಇಲ್ಲ."

ಸೊಸೆ ಗಂಡನನ್ನು ನೋಡಿದಳು. "ನೀವೂನಾ?"

"ಬಾಯಿ ತೆಗೆದ್ರೆ ನಗು ಬರ್ತಿತ್ತು," ಅಂದ ಅವನು. "ಅದಕ್ಕೇ ಅನ್ನ ತುಂಬ್ಕೊತಿದ್ದೆ. ಎರಡು ಸುತ್ತು ದಪ್ಪ ಆಗಿದೀನಿ."

ಅವಳ ಮೂಗಿನ ಹೊಳ್ಳೆ ಅರಳಿತು. ಗುಳಿಬಿದ್ದ ಬೆರಳುಗಳು ಮುಷ್ಟಿಯಾದವು. "ಕೇಳಿದ್ರೆ ನಾನೇ ಹೆಣೆದು ಕೊಡ್ತಿರ್ಲಿಲ್ವಾ? ಇಷ್ಟು ದಿನ ಅನ್ನ ನಿದ್ದೆ ಬಿಟ್ಟು..."

"ಏನಂತ ಕೇಳ್ಲಿ?" ಮಾವನ ದನಿ ಇಳಿಯಿತು. "ಇವರೆಲ್ಲ ಇಷ್ಟು ವರ್ಷ ನಂಬಿ ತಲೆ ಕೊಟ್ಟವರು. ನಾನು ಅವರ ತಲೆಯಿಂದ ತಗೊಂಡಿದ್ದೇ ಹೆಚ್ಚು, ದಿನಾ ಗುಡಿಸಿ ಎಸೆದೆ. ಹೋಗೋವಾಗ ತಲೆಗೇ ಏನಾದ್ರೂ ಕೊಟ್ಟು ಹೋಗೋಣ ಅನ್ನಿಸ್ತು. ನನ್ನ ಕೈಯಲ್ಲಿ ಹೆಣೆಯೋಕಾಗಲ್ಲ. ಉಡುಗೊರೆ ಅಂತ ಕೇಳಿದ್ರೆ ನೀನು ನಾಲ್ಕು ಹೆಣೆದು ಬೆರಳು ನೋವು ಅಂತಿದ್ದೆ. ನನ್ನ ತಪ್ಪು ಮುಚ್ಚೋಕೆ ಅಂದ್ರೆ ಊರಿಗೇ ಹೆಣೀತೀಯ ಅಂತ ಗೊತ್ತಿತ್ತು."

ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು; ಇವಳು ಈಗ ಸಿಡಿಯುತ್ತಾಳೋ ಅಳುತ್ತಾಳೋ ಎಂದು ಅಂಚೆಯವನು ಬಾಗಿಲ ಕಡೆ ಒಂದು ಹೆಜ್ಜೆ ಸರಿದ. ಮಾವ ಕನ್ನಡಿಯ ಹಿಂದಿನಿಂದ ಏನನ್ನೋ ತೆಗೆದು, ಎರಡೂ ಕೈಯಲ್ಲಿ ಹಿಡಿದು ಅವಳ ತಲೆಯ ಮೇಲಿಟ್ಟರು. ಕೈ ನಡುಗಿ ಅದು ಒಂದು ಕಿವಿಯ ಮೇಲೆ ಜಾರಿ ಕೂತಿತು. ಅವಳು ಬಿಚ್ಚಲು ಮರೆತಿದ್ದ ಮೊದಲ ಟೋಪಿ. ಹೂಕೋಸು.

"ಬೋಳಿಸೋದು ಮಾವ, ಟೋಪಿ ಹಾಕೋದು ಸೊಸೆ ಅಂತ ಊರಲ್ಲಿ ಅಂತಿದ್ರಲ್ಲ," ಎಂದರು. "ತಿದ್ಕೊಳ್ಳಿ ಎಲ್ರೂ. ಎರಡೂ ನಂದೇ."

ಅವಳು ಕನ್ನಡಿ ನೋಡಿದಳು. ಎದುರಿಗೆ ಒಂದೇ ಚಪ್ಪಲಿ ಹಾಕಿಕೊಂಡ, ತಲೆಯ ಮೇಲೆ ತರಕಾರಿ ಹೊತ್ತ ಒಬ್ಬ ಹೆಂಗಸು. ಅವಳ ಹಿಂದೆ ನೊರೆ ಮೆತ್ತಿದ ಹೆಡ್‌ಮೇಷ್ಟ್ರು ಒಂದು ಕಣ್ಣು ತೆರೆದು ನೋಡುತ್ತಿದ್ದರು. ತುಟಿ ಬಿಗಿಹಿಡಿದಳು. ಆಗಲಿಲ್ಲ. ಎಲ್ಲೋ ಹೊಟ್ಟೆಯ ತಳದಿಂದ ಎದ್ದದ್ದು ಮೂಗಿನಿಂದ ಒಮ್ಮೆ ಸೀನಿನ ಹಾಗೆ ಹೊರಬಿತ್ತು, ಮುಂದಿನದು ಬಾಯಿಂದ ಬಂತು. ಅದು ಬಂದಮೇಲೆ ಬೆಂಚೂ ನಕ್ಕಿತು, ಅತ್ತೆಯೂ ಟವೆಲ್ ತೆಗೆದು ನಕ್ಕರು, ಬೆಕ್ಕು ಹೆದರಿ ಪತ್ರಿಕೆಗಳ ಸಮೇತ ಕೆಳಗೆ ಬಿತ್ತು.

"ಯಾರಾದ್ರೂ ಆಕೆಯ ನಗು ನಿಲ್ಸಿ," ಎಂದರು ಹೆಡ್‌ಮೇಷ್ಟ್ರು ತುಟಿ ಅಲುಗಿಸದೆ. "ನನ್ನ ಕುತ್ತಿಗೆ ಆಕೆಯ ಗಂಡನ ಕೈಯಲ್ಲಿದೆ."

ನಿಜ. ಹೊಸ ಯಜಮಾನ ಮೊದಲ ಕುರ್ಚಿಯ ಹಿಂದೆ ನಿಂತು ರೇಜರ್ ಎತ್ತಿದ್ದ. ಇಳಿಸಲು ಆಗುತ್ತಿರಲಿಲ್ಲ. ಮೊಣಕೈವರೆಗೆ ತೋಳು ಕುಲುಕುತ್ತಿತ್ತು.

"ಏನೋ ಇದು," ಎಂದರು ಮಾವ. "ನಿನ್ನ ಕೈ ನಡುಗ್ತಿದೆ?"

"ಚಳಿ ಅಪ್ಪ," ಅಂದ ಮಗ.

ಅಷ್ಟೇ ಸಾಕಾಯಿತು. ಸೊಸೆ ನೆಲದ ಮೇಲೆ, ಗುಡಿಸದ ಕೂದಲಿನ ನಡುವೆ ಕುಸಿದು ಕೂತು, ಟೋಪಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು ನಕ್ಕಳು. ಉಳಿದವರದೆಲ್ಲ ನಿಂತ ಮೇಲೂ ಅವಳದು ನಿಲ್ಲಲಿಲ್ಲ. ಬೀದಿಯ ಕೊನೆಯಲ್ಲಿ ಇನ್ನೂ ಬಾಯಿ ತೆರೆದುಕೊಂಡೇ ಕೂತಿದ್ದ ಆ ರೋಗಿಗೂ ಕೇಳಿಸಿತು.